ಎದೆ ಡವಡವ: ಸಿಗರೇಟು ಬಿಟ್ಟಿದ್ದಕ್ಕೋ, ಕಾಫಿ ಹೆಚ್ಚಾಗಿದ್ದಕ್ಕೋ?

ದಾವಣಗೆರೆಯ ಓದುಗರೊಬ್ಬರ ಪತ್ರದ ಸಾರ: ವಯಸ್ಸು 38, ಫೈನಾನ್ಸ್ ಕಂಪನಿಯಲ್ಲಿ ವಸೂಲಿ ಕೆಲಸ. ಹದಿನಾರು ವರ್ಷದಿಂದ ದಿನಕ್ಕೆ ಹನ್ನೆರಡು–ಹದಿನೈದು ಸಿಗರೇಟು. ಬಿಟ್ಟು ಹನ್ನೊಂದು ದಿನವಾಗಿದೆ. ಎದೆ ಡವಡವ ಎನ್ನುತ್ತದೆ, ಕೈ ನಡುಗುತ್ತದೆ, ರಾತ್ರಿ ಎರಡಕ್ಕೆ ಎಚ್ಚರವಾಗುತ್ತದೆ, ಇದೆಲ್ಲ ದಿನೇ ದಿನೇ ಹೆಚ್ಚುತ್ತಿದೆ. ಸೇದಬೇಕು ಅನಿಸಿದಾಗಲೆಲ್ಲ ಒಂದು ಕಾಫಿ ಕುಡಿಯುತ್ತಾರೆ. ನಿಕೋಟಿನ್ ಗಮ್ ಅಗಿದರೆ ಬಿಕ್ಕಳಿಕೆ, ಎದೆಯುರಿ. ‘ನನ್ನದು ಮೊದಲಿನಿಂದಲೂ ಆತಂಕದ ಸ್ವಭಾವ. ಅದನ್ನು ಸಿಗರೇಟೇ ಹಿಡಿದಿಟ್ಟಿತ್ತಲ್ಲವೇ? ಎಲ್ಲರ ಮೇಲೂ ಸಿಡುಕುವ ಬದಲು ಒಂದು ಸೇದಿ ಬನ್ನಿ ಎಂದು ಹೆಂಡತಿಯೇ ಹೇಳುವಂತಾಗಿದೆ. ಮುಂದಿನ ತಿಂಗಳು ಹರಿಹರದಲ್ಲಿ ಭಾವಮೈದುನನ ಮದುವೆ ಬೇರೆ. ಏನು ಮಾಡಲಿ?’ ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ.

ಮಾನ್ಯರೇ,

ಎದೆ ಬಡಿತವನ್ನು ಆತಂಕವೆಂದು ನೀವೇ ತೀರ್ಮಾನ ಮಾಡಿಕೊಂಡಿದ್ದೀರಿ. ಹದಿನಾರು ವರ್ಷ ಸೇದಿದವರು ಆ ತೀರ್ಮಾನವನ್ನು ವೈದ್ಯರಿಗೆ ಬಿಡುವುದು ಒಳ್ಳೆಯದು. ಈ ವಾರವೇ ಹೋಗಿ ಒಂದು ಇಸಿಜಿ ಮಾಡಿಸಿ, ಬಿಪಿ ನೋಡಿಸಿ. ಎದೆ ಹಿಂಡಿದಂತಾಗಿ ನೋವು ಎಡಗೈಗೋ ದವಡೆಗೋ ಹರಿದರೆ, ಮೈ ಬೆವರಿದರೆ, ಕಾಯದೆ 108ಕ್ಕೆ ಕರೆ ಮಾಡಿ. ಇಷ್ಟು ಹೇಳಿ ನಿಮ್ಮ ಪ್ರಶ್ನೆಗೆ ಬರುತ್ತೇನೆ.

ನಿಮ್ಮ ಆತಂಕವನ್ನು ಸಿಗರೇಟು ಹಿಡಿದಿಟ್ಟಿತ್ತೇ? ಹಾಗೆ ಅನಿಸುವುದು ಸಹಜ. ಹೊಗೆ ಒಳಗೆ ಹೋದ ಹತ್ತಿಪ್ಪತ್ತು ಸೆಕೆಂಡಿಗೆಲ್ಲ ನಿಕೋಟಿನ್ ಮೆದುಳು ಮುಟ್ಟುತ್ತದೆ, ಜೀವ ತಣ್ಣಗಾದಂತಾಗುತ್ತದೆ. ಆದರೆ ರಕ್ತದಲ್ಲಿ ಅದು ಸುಮಾರು ಎರಡು ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ. ಇಳಿಯುತ್ತಿದ್ದಂತೆ ಚಡಪಡಿಕೆ, ಸಿಡಿಮಿಡಿ, ಯಾವುದರಲ್ಲೂ ಮನಸ್ಸು ನಿಲ್ಲದ ಸ್ಥಿತಿ ಶುರು. ಮುಂದಿನ ಸಿಗರೇಟು ಅದನ್ನು ಶಮನ ಮಾಡುತ್ತದೆ, ನೀವು ಅದಕ್ಕೆ ಋಣಿಯಾಗುತ್ತೀರಿ. ಬೆಳಗಿನ ಮೊದಲ ಸಿಗರೇಟು ಅಷ್ಟು ಹಿತವೆನಿಸುತ್ತಿದ್ದುದು ರಾತ್ರಿಯಿಡೀ ನಿಕೋಟಿನ್ ಇಳಿದಿರುತ್ತಿದ್ದುದರಿಂದ. ನೀವು ಫೈನಾನ್ಸಿನವರು, ನಿಮಗೆ ಹೇಳಿಕೊಡಬೇಕೇ: ಸಾಲ ತೀರಿಸಲು ಅದೇ ಸಾಹುಕಾರನ ಹತ್ತಿರ ಮತ್ತೆ ಸಾಲ ಮಾಡಿದವನಿಗೂ ಆ ಸಂಜೆ ನೆಮ್ಮದಿಯಾಗಿಯೇ ಇರುತ್ತದೆ.

ಇದು ನನ್ನ ಊಹೆಯಲ್ಲ. ಬ್ರಿಟಿಷ್ ಮೆಡಿಕಲ್ ಜರ್ನಲ್ 2014ರಲ್ಲಿ 26 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ಲೇಖನವೊಂದನ್ನು ಪ್ರಕಟಿಸಿತು. ಬಿಟ್ಟು ಕನಿಷ್ಠ ಆರು ವಾರ ಕಳೆದವರಲ್ಲಿ, ಸೇದುತ್ತಲೇ ಉಳಿದವರಿಗಿಂತ ಆತಂಕ, ಖಿನ್ನತೆ, ಒತ್ತಡ ಮೂರೂ ತಗ್ಗಿದ್ದವು. ಮೊದಲೇ ಮಾನಸಿಕ ಕಾಯಿಲೆ ಇದ್ದವರಲ್ಲೂ ಅಷ್ಟೇ. ‘ಆರು ವಾರ’ ಎಂಬುದನ್ನು ಮಾತ್ರ ಮರೆಯಬೇಡಿ. ಹನ್ನೊಂದನೇ ದಿನ ನಿಂತು ಲೆಕ್ಕ ಮಾಡಿದರೆ ಅದು ನಷ್ಟವನ್ನೇ ತೋರಿಸುತ್ತದೆ.

ಹಾಗಿದ್ದರೂ ನಿಮ್ಮ ಪತ್ರದಲ್ಲಿ ಒಂದು ವಿಷಯ ನನ್ನನ್ನು ಕಾಡಿತು. ನಿಕೋಟಿನ್ ಬಿಟ್ಟವರ ಚಡಪಡಿಕೆ ಸಾಮಾನ್ಯವಾಗಿ ಮೊದಲ ವಾರದಲ್ಲಿ ಅತಿ ಜೋರು, ಆಮೇಲೆ ಮೂರ್ನಾಲ್ಕು ವಾರದಲ್ಲಿ ಇಳಿಯುತ್ತ ಹೋಗುತ್ತದೆ. ನಿಮ್ಮದು ಹೆಚ್ಚುತ್ತಿದೆ ಎನ್ನುತ್ತೀರಿ. ಪತ್ರವನ್ನು ಎರಡನೇ ಸಲ ಓದುವಾಗ ನನ್ನ ಕಣ್ಣು ನಿಂತಿದ್ದು ಕಾಫಿಯ ಮೇಲೆ.

ಬೆಣ್ಣೆದೋಸೆಯ ಊರಿನವರಿಗೆ ಕಾಫಿ ಕಡಿಮೆ ಮಾಡಿ ಎನ್ನುವುದು ಪಾಪದ ಕೆಲಸ, ಆದರೂ ಕೇಳಿ. ಕಾಫಿಯಲ್ಲಿರುವ ಕೆಫೀನನ್ನು ನಮ್ಮ ಯಕೃತ್ತಿನ ಒಂದು ಕಿಣ್ವ ಒಡೆದು ಹೊರಹಾಕುತ್ತದೆ. ತಂಬಾಕಿನ ಹೊಗೆಯಲ್ಲಿರುವ ಟಾರಿನ ಅಂಶಗಳು ಆ ಕಿಣ್ವವನ್ನು ಚುರುಕು ಮಾಡುತ್ತವೆ. ಅದಕ್ಕೇ ಸೇದುವವರಿಗೆ ಎಷ್ಟು ಕಾಫಿ ಕುಡಿದರೂ ಜೀರ್ಣವಾಗಿಬಿಡುತ್ತದೆ. ಹೊಗೆ ನಿಂತ ಕೆಲವೇ ದಿನಗಳಲ್ಲಿ ಕಿಣ್ವ ತನ್ನ ಹಳೆಯ ನಿಧಾನಕ್ಕೆ ಮರಳುತ್ತದೆ. ಆಗ ಅಷ್ಟೇ ಲೋಟ ಕುಡಿದರೂ ರಕ್ತದಲ್ಲಿ ಕೆಫೀನ್ ಹೆಚ್ಚುಕಡಿಮೆ ಇಮ್ಮಡಿಯಾಗಬಹುದು. ನೀವೋ ಲೋಟಗಳನ್ನೂ ಹೆಚ್ಚಿಸಿಕೊಂಡಿದ್ದೀರಿ. ಎದೆ ಡವಡವ, ಕೈ ನಡುಕ, ನಡುರಾತ್ರಿಯ ಎಚ್ಚರ: ಕೆಫೀನ್ ಅತಿಯಾದಾಗ ಆಗುವುದೂ ಇವೇ. ಸಿಗರೇಟು ಬಿಟ್ಟಿದ್ದರ ಮೇಲೆ ಹೊರಿಸಿದ ಆರೋಪದಲ್ಲಿ ಅರ್ಧ ಪಾಲಾದರೂ ಕಾಫಿಯದ್ದಿರಬಹುದು. ಮೊದಲು ಕುಡಿಯುತ್ತಿದ್ದುದರ ಅರ್ಧಕ್ಕೆ ಇಳಿಸಿ, ಮಧ್ಯಾಹ್ನದ ಮೇಲೆ ಬೇಡವೇ ಬೇಡ. ಒಮ್ಮೆಗೇ ಪೂರ್ತಿ ನಿಲ್ಲಿಸಿದರೆ ತಲೆನೋವು ಬರುತ್ತದೆ, ಹಾಗೆ ಮಾಡಬೇಡಿ. ಸಂಜೆಗೆ ಮಜ್ಜಿಗೆಯೋ ಕಷಾಯವೋ ಇರಲಿ. (ಆಸ್ತಮಾಕ್ಕೆ ಥಿಯೋಫಿಲಿನ್, ಮನೋರೋಗಕ್ಕೆ ಒಲಾನ್ಜಪಿನ್ ಅಥವಾ ಕ್ಲೋಜಪಿನ್ ತೆಗೆದುಕೊಳ್ಳುವ ಓದುಗರಿಗೂ ಇದೇ ಕಾರಣಕ್ಕೆ ಸಿಗರೇಟು ಬಿಟ್ಟ ಮೇಲೆ ಪ್ರಮಾಣ ಬದಲಿಸಬೇಕಾಗಬಹುದು. ಬಿಡುವ ಮೊದಲೇ ವೈದ್ಯರಿಗೆ ತಿಳಿಸಿ.)

ಗಮ್ ಕೈಕೊಟ್ಟಿದ್ದರ ಹಿಂದೆಯೂ ಕಾಫಿಯ ಕೈವಾಡವಿರಬಹುದು. ಗಮ್‌ನ ನಿಕೋಟಿನ್ ರಕ್ತಕ್ಕೆ ಸೇರಬೇಕಾದ್ದು ಕೆನ್ನೆಯ ಒಳಪದರದ ಮೂಲಕ. ಬಾಯಲ್ಲಿ ಕಾಫಿಯಂಥ ಹುಳಿ ಗುಣದ ಪಾನೀಯವಿದ್ದರೆ ಅದು ಸರಿಯಾಗಿ ಒಳಸೇರುವುದಿಲ್ಲ. ಹಾಗಾಗಿ ಗಮ್ ಹಾಕುವ ಕಾಲು ಗಂಟೆ ಮೊದಲಿನಿಂದ ಏನನ್ನೂ ಕುಡಿಯಬೇಡಿ. ಬಬಲ್‌ಗಮ್‌ನಂತೆ ಒಂದೇ ಸಮ ಅಗಿದರೆ ನಿಕೋಟಿನ್ ಎಂಜಲಿನೊಂದಿಗೆ ಹೊಟ್ಟೆಗಿಳಿದು ಬಿಕ್ಕಳಿಕೆ, ಎದೆಯುರಿ ತರುತ್ತದೆ. ನಿಧಾನಕ್ಕೆ ನಾಲ್ಕಾರು ಸಲ ಅಗಿದು, ನಾಲಿಗೆ ಚುರುಗುಟ್ಟಿದ ಕೂಡಲೇ ನಿಲ್ಲಿಸಿ, ಕೆನ್ನೆಗೂ ವಸಡಿಗೂ ನಡುವೆ ಒತ್ತರಿಸಿಡಿ. ಚುರುಗುಟ್ಟುವುದು ಕಡಿಮೆಯಾದಾಗ ಮತ್ತೆ ಅಗಿಯಿರಿ. ಹೀಗೆ ಅರ್ಧ ಗಂಟೆ. ಎದ್ದ ಅರ್ಧ ಗಂಟೆಯೊಳಗೆ ಸೇದುತ್ತಿದ್ದವರಿಗೆ 2 ಮಿಲಿಗ್ರಾಂ ಸಾಲದೆ 4 ಮಿಲಿಗ್ರಾಂ ಬೇಕಾಗುವುದುಂಟು, ವೈದ್ಯರನ್ನು ಕೇಳಿ. ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಇದೆ, ತುಡಿತ ತಗ್ಗಿಸುವ ವರೆನಿಕ್ಲಿನ್, ಬ್ಯುಪ್ರೊಪಿಯಾನ್ ಮಾತ್ರೆಗಳಿವೆ. ಈ ಮಾತ್ರೆಗಳಿಂದ ಮನಸ್ಸು ಕೆಡುತ್ತದೆ ಎಂಬ ಭಯ ಬಹಳ ದಿನ ಇತ್ತು. ಎಂಟು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು, 2016ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆ ಭಯಕ್ಕೆ ಆಧಾರ ಸಿಗಲಿಲ್ಲ. ಆತಂಕದ ಸ್ವಭಾವ ಇರುವವರು ಬರಿಗೈಯಲ್ಲಿ ಹೋರಾಡಿ ಗಟ್ಟಿತನ ತೋರಿಸಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನು ತುಡಿತದ ಮಾತು. ಅದು ಬರುವುದು ಕೆಲವು ನಿಮಿಷಕ್ಕೆ. ಸೇದಿದರೂ ಹೋಗುತ್ತದೆ, ಸೇದದಿದ್ದರೂ ಹೋಗುತ್ತದೆ. ನಿಮ್ಮ ಕೆಲಸದಲ್ಲಿ ಅದು ಯಾವಾಗ ಬರುತ್ತದೆಂದು ನೀವೇ ಬರೆದಿದ್ದೀರಿ: ಕಂತು ಕಟ್ಟದವರ ಮನೆ ಬಾಗಿಲಲ್ಲಿ ಬೈಸಿಕೊಂಡು ಬಂದ ಮೇಲೆ. ಆಗ ಗೂಡಂಗಡಿಯ ಮುಂದೆ ನಿಂತು ಒಂದು ಹಚ್ಚುತ್ತಿದ್ದಿರಿ. ಅಲ್ಲಿ ನಿಮಗೆ ಸಿಗುತ್ತಿದ್ದುದು ನಿಕೋಟಿನ್ ಒಂದೇ ಅಲ್ಲ. ಐದು ನಿಮಿಷ ಯಾರೂ ಮಾತಾಡಿಸುತ್ತಿರಲಿಲ್ಲ, ಬಿಸಿಲಿಂದ ನೆರಳಿಗೆ ಬರುತ್ತಿದ್ದಿರಿ, ಉದ್ದಕ್ಕೆ ಉಸಿರೆಳೆದು ಇನ್ನೂ ಉದ್ದಕ್ಕೆ ಬಿಡುತ್ತಿದ್ದಿರಿ. (ಹಿಂದೆ ಪತ್ರಿಕಾ ಕಚೇರಿಗಳಲ್ಲೂ ಹೊಗೆಯಿಲ್ಲದೆ ಸಂಚಿಕೆ ಹೊರಬರುತ್ತಿರಲಿಲ್ಲ. ಈಗ ಹೊಗೆ ಹೋಗಿದೆ, ಸಂಚಿಕೆ ಆಗಲೂ ತಡ, ಈಗಲೂ ತಡ.) ಆ ಐದು ನಿಮಿಷವನ್ನು ಬಿಟ್ಟುಕೊಡಬೇಡಿ. ಗೂಡಂಗಡಿ ಬಿಟ್ಟು ಬೇರೊಂದು ಮರ ಹುಡುಕಿ. ನಾಲ್ಕು ಎಣಿಸುತ್ತ ಉಸಿರೆಳೆದುಕೊಂಡು ಎಂಟು ಎಣಿಸುತ್ತ ಬಿಡಿ. ನೀರು ಕುಡಿಯಿರಿ. ಬಾಯಿಗೆ ಏನಾದರೂ ಬೇಕೆನಿಸಿದರೆ ಏಲಕ್ಕಿ, ಲವಂಗ, ಸೋಂಪು.

ಅಡಿಕೆ ಮಾತ್ರ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಅಡಿಕೆ ಬೆಳೆಯುವ ಚನ್ನಗಿರಿ ಕಡೆಯ ಓದುಗರು ಇದಕ್ಕೆ ಖಾರವಾಗಿಯೇ ಬರೆಯುತ್ತಾರೆಂದು ಬಲ್ಲೆ. ಬರೆಯಲಿ, ಪ್ರಕಟಿಸೋಣ. ಇ–ಸಿಗರೇಟನ್ನೂ ಹುಡುಕಬೇಡಿ, 2019ರಿಂದ ಅದರ ಮಾರಾಟಕ್ಕೆ ದೇಶದಲ್ಲಿ ನಿಷೇಧವಿದೆ.

ಮಾತಾಡಲು ಜನ ಬೇಕೆನಿಸಿದರೆ 1800–11–2356, ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರವಿದೆ, ಕನ್ನಡದಲ್ಲೇ ಮಾತಾಡಬಹುದು. 2018ರಿಂದ ಈ ಸಂಖ್ಯೆ ಪ್ಯಾಕಿನ ಮೇಲೇ ಅಚ್ಚಾಗುತ್ತಿದೆ, ಆದರೆ ಬಿಡಿ ಸಿಗರೇಟು ಕೊಳ್ಳುವವರಿಗೆ ಪ್ಯಾಕು ಕಾಣುವುದೆಲ್ಲಿ? ತಿಂಗಳು ಕಳೆದರೂ ಆತಂಕ ಇಳಿಯದಿದ್ದರೆ, ಬದುಕೇ ಸಾಕೆನಿಸಿದರೆ ಒಂದು ದಿನವೂ ಕಾಯದೆ, ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಳೆಯ ಆತಂಕ ನಿಜವಾಗಿಯೂ ಇದ್ದರೆ ಅದಕ್ಕೂ ಚಿಕಿತ್ಸೆ ಇದೆ.

ನಿಮ್ಮ ಮನೆಯವರ ಮೇಲೆ ಬೇಸರ ಬೇಡ. ‘ಇನ್ನು ಎರಡು–ಮೂರು ವಾರ ನನ್ನ ಮಾತು ಒರಟಾಗಿರುತ್ತದೆ, ಅದು ನಿನ್ನ ಮೇಲಿನ ಕೋಪವಲ್ಲ’ ಎಂದು ಮೊದಲೇ ಹೇಳಿಬಿಡಿ. ‘ಸೇದಿ ಬನ್ನಿ’ ಎನ್ನುವ ಬದಲು ‘ಒಂದು ಸುತ್ತು ನಡೆದು ಬನ್ನಿ’ ಎನ್ನಲು ಕೇಳಿಕೊಳ್ಳಿ.

ಮದುವೆಗೆ ಹೋಗಿ. ಅಷ್ಟರಲ್ಲಿ ಮೈಯ ಕಾಟ ಬಹುಪಾಲು ಇಳಿದಿರುತ್ತದೆ, ಉಳಿಯುವುದು ಛತ್ರದ ಹಿಂದೆ ಸೇರುವ ಗುಂಪಿನ ಕಾಟ. ಅವರಲ್ಲಿ ನಿಮಗೆ ಆಪ್ತರಾದ ಒಬ್ಬರಿಗಾದರೂ ಬಿಟ್ಟಿರುವ ವಿಷಯ ಮುಂಚೆಯೇ ತಿಳಿಸಿ. ಊಟವಾದ ಕೂಡಲೇ ಎದ್ದು ಮುಂದಿನ ಪಂಕ್ತಿಗೆ ಬಡಿಸಲು ನಿಲ್ಲಿ. ಹಿಂದಿನ ರಾತ್ರಿ ಗುಂಡು ಹಾಕುವವರ ಜೊತೆ ಕೂರಬೇಡಿ, ಗ್ಲಾಸು ಹಿಡಿದ ಕೈಗೆ ಸಿಗರೇಟು ಸಲೀಸಾಗಿ ಬರುತ್ತದೆ. ಇಷ್ಟಾಗಿಯೂ ಒಂದು ದಮ್ಮು ಎಳೆದುಬಿಟ್ಟಿರಿ ಎನ್ನಿ, ‘ಎಲ್ಲ ಹಾಳಾಯಿತು’ ಎಂದು ಪ್ಯಾಕು ಕೊಳ್ಳಲು ಹೋಗದೆ, ಅದನ್ನು ಅಲ್ಲೇ ಆರಿಸಿ ಮೇಲಿನ ಸಂಖ್ಯೆಗೆ ಕರೆ ಮಾಡಿ.

— ಸಂಪಾದಕ