ಘಟ್ಟದ ಮೇಲಿನವರ ಕಡಲ ಪ್ರಶ್ನೆಗಳು

ಹಿಂದಿನ ಸಂಚಿಕೆಯಲ್ಲಿ ಇಂಡೊನೇಷ್ಯಾದ ಮೀನುಗಾರರ ಬಗ್ಗೆ ಒಂದು ಪುಟ ಬರೆದಿದ್ದೆ. ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದು, ಈಗ ತೀರ್ಥಹಳ್ಳಿಯ ಹತ್ತಿರ ಅಡಿಕೆ ತೋಟ ನೋಡಿಕೊಂಡಿರುವವನು ಬರೆದ ಕಡಲಿನ ಕಥೆಗೆ ಮಲೆನಾಡಿನಿಂದ ಪತ್ರ ಬರುತ್ತವೆ ಎಂದು ಸಂಪಾದಕರು ನಂಬಿರಲಿಲ್ಲ. ಬಂದಿವೆ. ಕೆಲವಕ್ಕೆ ಇಲ್ಲಿ ಉತ್ತರ ಕೊಡುತ್ತೇನೆ. ನಡುವೆ ಕೊಳೆರೋಗಕ್ಕೆ ಔಷಧ ಕೇಳಿದವರು ದಯವಿಟ್ಟು ತೋಟಗಾರಿಕೆ ಇಲಾಖೆಯನ್ನು ವಿಚಾರಿಸಿ. ನನ್ನ ತೋಟದ ಗತಿಯೇ ನೆಟ್ಟಗಿಲ್ಲ.

ಇಂಡೊನೇಷ್ಯಾದ ಹುಡುಗನೊಬ್ಬ ಸಮುದ್ರದಲ್ಲಿ 49 ದಿನ ಒಬ್ಬನೇ ತೇಲಿದನೆಂದು ನಮ್ಮ ಮೇಷ್ಟ್ರು ಹೇಳಿದರು. ಉಪ್ಪುನೀರು ಕುಡಿದು ಬದುಕಿದನಂತೆ. ನಿಜವೇ ಸರ್?
— ಒಂಬತ್ತನೇ ತರಗತಿ ವಿದ್ಯಾರ್ಥಿ, ಹೊಸನಗರ

ನಿಜ, ತಮ್ಮಾ. 2018ರ ಜುಲೈಯಲ್ಲಿ ಶುರುವಾದ ಕಥೆ. ಸುಲಾವೆಸಿ ದ್ವೀಪದ ಉತ್ತರ ತುದಿಯಿಂದ ಸುಮಾರು 125 ಕಿಲೋಮೀಟರ್ ಆಚೆ, ನಡುಗಡಲಿನಲ್ಲಿ, ತೇಲುವ ಮರದ ಗುಡಿಸಲೊಂದರಲ್ಲಿ ಆ ಹುಡುಗ ಕೆಲಸಕ್ಕಿದ್ದ. ಅಲ್ಲಿಯವರು ಅದನ್ನು ರೊಂಪೊಂಗ್ ಎನ್ನುತ್ತಾರೆ. ರಾತ್ರಿ ದೀಪ ಹಚ್ಚಿ ಮೀನುಗಳನ್ನು ಬಳಿಗೆ ಸೆಳೆಯುವುದು ಅವನ ಕೆಲಸ. ವಾರಕ್ಕೊಮ್ಮೆ ದೋಣಿ ಬಂದು ಊಟದ ಸಾಮಾನು, ಕುಡಿಯುವ ನೀರು, ಗ್ಯಾಸು, ದೀಪಕ್ಕೆ ಬೇಕಾದ ಎಣ್ಣೆ ಇಳಿಸಿ ಹೋಗುತ್ತಿತ್ತು. ಗುಡಿಸಲಿಗೆ ಎಂಜಿನ್ ಇಲ್ಲ, ಹುಟ್ಟು ಕೂಡ ಇಲ್ಲ. ಕಡಲ ತಳಕ್ಕೆ ಕಟ್ಟಿದ ಹಗ್ಗವೊಂದೇ ಆಧಾರ. ಜೋರು ಗಾಳಿಗೆ ಅದು ಕಿತ್ತುಹೋಯಿತು.

ಇದ್ದ ಸಾಮಾನು ಕೆಲವೇ ದಿನಗಳಲ್ಲಿ ಮುಗಿಯಿತು. ಆಮೇಲೆ ಅವನು ಮೀನು ಹಿಡಿದು, ಗುಡಿಸಲಿನ ಮರವನ್ನೇ ಮುರಿದು ಒಲೆ ಉರಿಸಿ, ಬೇಯಿಸಿ ತಿಂದ. ಆಗಸ್ಟ್ ಕೊನೆಗೆ ಗ್ವಾಮ್ ದ್ವೀಪದ ಹತ್ತಿರ ಪನಾಮಾ ಧ್ವಜದ ಹಡಗೊಂದು ಅವನನ್ನು ಎತ್ತಿಕೊಂಡು ಜಪಾನಿಗೆ ಮುಟ್ಟಿಸಿತು. ಕಡಲ ನೀರನ್ನು ಬಟ್ಟೆಯಲ್ಲಿ ನೆನೆಸಿ ಹೀರಿದ್ದಾಗಿ ಅವನು ಹೇಳಿದ್ದು ಹೌದು. ಆದರೆ ಕರಗಿದ ಉಪ್ಪನ್ನು ಬಟ್ಟೆ ಸೋಸುವುದಿಲ್ಲ. ಉಪ್ಪುನೀರು ಕುಡಿದಷ್ಟೂ ಅದನ್ನು ಹೊರಹಾಕಲು ದೇಹ ತನ್ನ ಒಳಗಿನ ನೀರನ್ನೇ ಕಳೆದುಕೊಳ್ಳುತ್ತದೆ. ಅವನು ಬದುಕಿದ ಎಂದು ನೀನು ಅದನ್ನು ಉಪಾಯವೆಂದು ಬರೆದುಕೊಳ್ಳಬೇಡ.

ಆ ಸುದ್ದಿಯಲ್ಲಿ ನನ್ನನ್ನು ಕಾಡಿದ್ದು ಬೇರೆ. ಹತ್ತಕ್ಕೂ ಹೆಚ್ಚು ಹಡಗುಗಳು ಅವನನ್ನು ದಾಟಿ ಹೋದವಂತೆ. ನಾನು ಕೆಲಸ ಮಾಡುತ್ತಿದ್ದಂಥ ಹಡಗುಗಳು. ಕಡಲಲ್ಲಿ ಸಂಕಟದಲ್ಲಿರುವವರನ್ನು ಕಂಡರೆ ನೆರವಿಗೆ ಹೋಗಲೇಬೇಕು ಎಂಬುದು ಅಂತಾರಾಷ್ಟ್ರೀಯ ನಿಯಮ. ಆದರೆ ಮೊದಲು ಕಾಣಬೇಕಲ್ಲ? ನೀರಿನ ಮಟ್ಟಕ್ಕೆ ತಗ್ಗಿ ಕೂತ ಮರದ ಗುಡಿಸಲು ಅಲೆಗಳ ನಡುವೆ ರಾಡಾರ್ ತೆರೆಯ ಮೇಲೆ ಸರಿಯಾಗಿ ಮೂಡುವುದಿಲ್ಲ. ದೊಡ್ಡ ಹಡಗುಗಳು ಪರಸ್ಪರ ಗುರುತಿಸಿಕೊಳ್ಳುವ ಎಐಎಸ್ ಉಪಕರಣ ಸಣ್ಣ ದೋಣಿಗಳಲ್ಲಿ ಇರುವುದೇ ಅಪರೂಪ. ಜಾವಾ ಸಮುದ್ರದಲ್ಲಿ ರಾತ್ರಿ ಮೇಲೆ ಬಂದು ನಿಂತರೆ ದೂರದಲ್ಲಿ ದೀಪಗಳ ಸಾಲು ಕಾಣುತ್ತಿತ್ತು. ದೀಪವಿಲ್ಲದ ದೋಣಿಗಳೂ ಅವುಗಳ ನಡುವೆ ಇರುತ್ತವೆ ಎಂದು ಹಡಗು ನಡೆಸುವ ಕೋಣೆಯಾದ ಬ್ರಿಡ್ಜ್‌ನಲ್ಲಿ ಕಾವಲಿಗಿದ್ದವರು ಬೈದುಕೊಳ್ಳುತ್ತಿದ್ದರು. ತುಂಬಿದ ಹಡಗು ಪೂರ್ಣ ವೇಗದಲ್ಲಿದ್ದಾಗ ಎಂಜಿನ್ ನಿಲ್ಲಿಸಿದರೂ ಅದು ಕಿಲೋಮೀಟರ್‌ಗಟ್ಟಲೆ ಸಾಗಿಯೇ ನಿಲ್ಲುವುದು. ಕೊನೆಗೆ ಆ ಹುಡುಗನನ್ನು ಉಳಿಸಿದ್ದು ಅವನ ಬಳಿ ಇದ್ದ ಕೈರೇಡಿಯೊ. ಅದರಲ್ಲಿ ಕೂಗಿ ಕರೆದ, ಒಂದು ಹಡಗಿಗೆ ಕೇಳಿಸಿತು.

ಹವಾಮಾನದ ಮುನ್ಸೂಚನೆ ಇರಲಿಲ್ಲವೇ ಎಂದು ನೀನು ಮುಂದೆ ಕೇಳಬಹುದು. ಅಲ್ಲಿಯ ಹವಾಮಾನ ಸಂಸ್ಥೆ ಬಿಎಂಕೆಜಿ ಪ್ರತಿದಿನ ಅಲೆಗಳ ಮುನ್ಸೂಚನೆ ಕೊಡುತ್ತದೆ. ಗಾಳಿ 15 ನಾಟ್, ಅಂದರೆ ಗಂಟೆಗೆ ಸುಮಾರು 28 ಕಿಲೋಮೀಟರ್ ಮೀರಿದರೆ, ಅಲೆ 1.25 ಮೀಟರ್‌ಗಿಂತ ಎತ್ತರಕ್ಕೆದ್ದರೆ ಮೀನುದೋಣಿಗಳಿಗೆ ಅಪಾಯ ಎಂಬುದು ಅದರ ಅಳತೆ. ಸರಕು ಹಡಗಿನವರಿಗೆ ಅಷ್ಟು ಅಲೆ ಇರುವುದು ಗೊತ್ತೂ ಆಗುವುದಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಜಾವಾದ ಉತ್ತರ ಕರಾವಳಿಯಲ್ಲಿ ಪಶ್ಚಿಮದ ಗಾಳಿಯ ಕಾಲ. ವಾರಗಟ್ಟಲೆ ಆ ಅಳತೆ ಮೀರಿಯೇ ಇರುತ್ತದೆ. ಮನೆಯಲ್ಲಿ ಅಕ್ಕಿ ಮುಗಿದವನು ಮುನ್ಸೂಚನೆ ಓದಿದ ಮೇಲೂ ದೋಣಿ ಬಿಡುತ್ತಾನೆ. ದಡದ ಹತ್ತಿರದ ಮೀನು ತೀರಿಹೋಗಿದ್ದರೆ ಇನ್ನೂ ದೂರಕ್ಕೆ ಬಿಡುತ್ತಾನೆ. ಮೀನು ಉಳಿಸುವ ಮಾತನ್ನೂ ಮೀನುಗಾರನ ಜೀವ ಉಳಿಸುವ ಮಾತನ್ನೂ ಎರಡು ಇಲಾಖೆಗಳಿಗೆ ಹಂಚಿ ಕೂರುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ.

ಅಲ್ಲಿಯ ಮಹಿಳಾ ಮಂತ್ರಿಯೊಬ್ಬರು ವಿದೇಶಿ ದೋಣಿಗಳನ್ನು ಸ್ಫೋಟಿಸಿ ಮುಳುಗಿಸಿದರೆಂದು ಬರೆದಿದ್ದಿರಿ. ಒಳ್ಳೆಯ ದೋಣಿಗಳನ್ನು ಬಡವರಿಗೆ ಕೊಡಬಹುದಿತ್ತಲ್ಲ?
— ನಿವೃತ್ತ ಬ್ಯಾಂಕ್ ನೌಕರರು, ವಿನೋಬನಗರ, ಶಿವಮೊಗ್ಗ

ಬ್ಯಾಂಕಿನವರ ಪ್ರಶ್ನೆ! ಆಸ್ತಿ ಹಾಳಾದದ್ದು ಮೊದಲು ಕಣ್ಣಿಗೆ ಬಿತ್ತು. ಇದೇ ಪ್ರಶ್ನೆಯನ್ನು ಇಂಡೊನೇಷ್ಯಾದಲ್ಲೂ ಕೇಳಿದರು. ಸೂಸಿ ಪುಜಿಯಾಸ್ತುತಿ 2014ರಿಂದ 2019ರವರೆಗೆ ಮೀನುಗಾರಿಕೆ ಮಂತ್ರಿಯಾಗಿದ್ದರು. ಹೈಸ್ಕೂಲು ಮುಗಿಸಲಿಲ್ಲ, ಜಾವಾದ ಪಂಗಂದರಾನ್‌ನಲ್ಲಿ ಮೀನು ವ್ಯಾಪಾರ ಮಾಡಿ ಬೆಳೆದು, ಮೀನು ಸಾಗಿಸಲೆಂದು ವಿಮಾನ ಕಂಪನಿಯನ್ನೇ ಕಟ್ಟಿದ ಹೆಂಗಸು. ಅನುಮತಿಯಿಲ್ಲದೆ ಸಿಕ್ಕಿಬಿದ್ದ ವಿದೇಶಿ ದೋಣಿಯನ್ನು ಸುಡಲು, ಮುಳುಗಿಸಲು 2009ರ ಕಾನೂನಿನಲ್ಲೇ ಅವಕಾಶವಿತ್ತು. ಅವರು ಅದನ್ನು ಕಪಾಟಿನಿಂದ ಹೊರತೆಗೆದರು. ಜನರನ್ನು ಇಳಿಸಿದ ಮೇಲೆಯೇ ಮುಳುಗಿಸುತ್ತಿದ್ದರು. ಐನೂರಕ್ಕೂ ಹೆಚ್ಚು ದೋಣಿಗಳು ಹೀಗೆ ತಳ ಸೇರಿದವು. ಹರಾಜು ಹಾಕಿದರೆ ಹಳೆಯ ಮಾಲೀಕನೇ ಬೇನಾಮಿಯಾಗಿ ಕೊಂಡು ಮತ್ತೆ ಕಡಲಿಗಿಳಿಸುತ್ತಾನೆ ಎಂಬುದು ಮುಳುಗಿಸುವವರ ವಾದ. ಮರಳಿನ ಲಾರಿಗಳ ಹರಾಜು ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಸ್ಫೋಟ ಟಿವಿಗೆ ಚೆನ್ನಾಗಿ ಕಾಣುವ ಭಾಗ. ನನ್ನ ಲೆಕ್ಕದಲ್ಲಿ ದೊಡ್ಡ ಪೆಟ್ಟು ಬೇರೆ ಎರಡು. ವಿದೇಶದಲ್ಲಿ ಕಟ್ಟಿದ ದೊಡ್ಡ ಮೀನು ಹಡಗುಗಳ ಪರವಾನಗಿಗೆ ತಡೆ ಹಾಕಿದ್ದು ಒಂದು. ನಡುಗಡಲಲ್ಲೇ ಒಂದು ಹಡಗಿನಿಂದ ಇನ್ನೊಂದಕ್ಕೆ ಮೀನು ವರ್ಗಾಯಿಸುವುದನ್ನು ನಿಷೇಧಿಸಿದ್ದು ಇನ್ನೊಂದು. ಈ ವರ್ಗಾವಣೆ ಇದ್ದರೆ ಹಡಗು ಬಂದರಿಗೆ ಬರಬೇಕಾಗಿಯೇ ಇಲ್ಲ. ಎಷ್ಟು ಮೀನು ಹಿಡಿದರು, ಅದರಲ್ಲಿ ಯಾರು ದುಡಿಯುತ್ತಿದ್ದಾರೆ, ಒಂದೂ ಗೊತ್ತಾಗುವುದಿಲ್ಲ. ತಮ್ಮದೇ ಜನರ ಚಾಂತ್ರಾಂಗ್ ಎಂಬ ಎಳೆಬಲೆಯನ್ನು ನಿಷೇಧಿಸಲು ಹೋದಾಗ ಮಾತ್ರ ಜಾವಾದ ಮೀನುಗಾರರು ಬೀದಿಗಿಳಿದರು, ಸರ್ಕಾರ ತಡವರಿಸಿತು. ಪರದೇಶಿಯ ದೋಣಿ ಮುಳುಗಿಸುವುದು ಸುಲಭ, ಸ್ವಂತ ಊರಿನ ಮತದಾರನ ಬಲೆ ಕಿತ್ತುಕೊಳ್ಳುವುದು ಕಷ್ಟ.

ಮೊದಲ ಮಳೆಗೆ ಗದ್ದೆಗೆ ಹತ್ತುಮೀನು ಬರುವಾಗ ಕತ್ತಿ, ಟಾರ್ಚ್ ಹಿಡಿದು ಹೊರಡುವುದು ನಮ್ಮ ಅಜ್ಜನ ಕಾಲದ ರೂಢಿ. ಅದನ್ನು ಬಿಡಿ ಎನ್ನುವವರು ಹೆಚ್ಚಾಗಿದ್ದಾರೆ. ನೀವೇನು ಹೇಳುತ್ತೀರಿ?
— ಕೃಷಿಕರು, ಮೇಗರವಳ್ಳಿ

ನಾನೂ ಹತ್ತುಮೀನಿನ ಸಾರು ಉಂಡು ಬೆಳೆದವನು, ಆದ್ದರಿಂದ ಉಪದೇಶಕ್ಕೆ ಬಾಯಿ ಬರುವುದಿಲ್ಲ. ಆದರೆ ಅವು ಹತ್ತುವುದು ಮೊಟ್ಟೆ ಇಡಲು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಕಾರಣಗಳಲ್ಲಿ ಇದೂ ಒಂದು, ಮಳೆಗಾಲದ ಅಬ್ಬರ ಇನ್ನೊಂದು. ಆ ಎರಡು ತಿಂಗಳು ಬಂಗುಡೆಯ ಬೆಲೆ ಏರಿತೆಂದು ಗೊಣಗುವ ನಾವು ಅದೇ ಹೊತ್ತಿಗೆ ನಮ್ಮ ಹಳ್ಳದಲ್ಲಿ ಮಾಡುವುದನ್ನೂ ನೋಡಿಕೊಳ್ಳಬೇಕು.

ಇಂಡೊನೇಷ್ಯಾದ ಮಲುಕು ದ್ವೀಪಗಳಲ್ಲಿ ಸಾಸಿ ಎಂಬ ಕಟ್ಟಳೆ ಇದೆ. ಹರುಕು ದ್ವೀಪದಲ್ಲಿ ಲೊಂಪಾ ಎಂಬ ಸಣ್ಣ ಮೀನು ಹಗಲು ಹೊಳೆಯೊಳಗೆ ಬಂದು ರಾತ್ರಿ ಕಡಲಿಗೆ ಮರಳುತ್ತದೆ. ಅದು ಬೆಳೆಯುವವರೆಗೆ ಹೊಳೆ ಮುಚ್ಚಿತು, ಯಾರೂ ಮುಟ್ಟುವಂತಿಲ್ಲ. ಕಾಯುವವರನ್ನು ಕೆವಾಂಗ್ ಎನ್ನುತ್ತಾರೆ. ವರ್ಷಕ್ಕೊಮ್ಮೆ ಕಟ್ಟಳೆ ಬಿಚ್ಚಿದ ದಿನ ಊರಿಗೆ ಊರೇ ಬಲೆ ಹಿಡಿದು ನೀರಿಗಿಳಿಯುತ್ತದೆ. ಅಚೆ ಪ್ರಾಂತ್ಯದಲ್ಲಿ ಪಂಗ್ಲಿಮಾ ಲಾವುತ್ ಎಂಬ ಕಡಲ ಯಜಮಾನಿಕೆ ಸುಲ್ತಾನರ ಕಾಲದಿಂದ ಬಂದಿದೆ. ಶುಕ್ರವಾರ ಅಲ್ಲಿ ಮೀನು ಹಿಡಿಯುವುದಿಲ್ಲ. 2004ರ ಸುನಾಮಿಯ ನೆನಪಿಗೆ ಡಿಸೆಂಬರ್ 26ರಂದೂ ಇಲ್ಲ. ದೋಣಿ ಕಾಣೆಯಾದರೆ ಉಳಿದವರು ಹುಡುಕಲು ಹೊರಡುವುದೂ ಇದೇ ಕಟ್ಟಳೆಯೊಳಗೆ ಬರುತ್ತದೆ. ಮೀನಿಗೊಂದು, ಮನುಷ್ಯನಿಗೊಂದು ಎಂದು ಅವರು ಬೇರೆ ಪುಸ್ತಕ ಇಟ್ಟಿಲ್ಲ.

ನಮಗೂ ಇದು ಹೊಸದಲ್ಲ. ಶೃಂಗೇರಿಯಲ್ಲಿ, ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆಯಲ್ಲಿ ತುಂಗೆಯ ಮೀನಿಗೆ ಮಂಡಕ್ಕಿ ಹಾಕುತ್ತೇವೆ, ಹಿಡಿಯುವುದಿಲ್ಲ. ಅಲ್ಲಿಂದ ಸ್ವಲ್ಪ ಕೆಳಗೆ ಹೋಗಿ ತೋಟೆ ಸಿಡಿಸುವವರೂ ನಮ್ಮವರೇ. ಹೊಳೆಗೆ ಸ್ಫೋಟಕ, ವಿಷ ಹಾಕುವುದು 1897ರ ಕಾಯ್ದೆಯಿಂದಲೇ ಅಪರಾಧ. ಇಂಡೊನೇಷ್ಯಾದಲ್ಲಿ ರಸಗೊಬ್ಬರ, ಸೀಮೆಎಣ್ಣೆ ತುಂಬಿದ ಬಾಟಲಿಯನ್ನು ಹವಳದ ದಿಬ್ಬದ ಮೇಲೆ ಎಸೆಯುತ್ತಾರೆ. ಮೀನಿನ ಜೊತೆ ಅದರ ಮನೆಯೂ ಪುಡಿ, ಕೆಲವು ಸಲ ಎಸೆದವನ ಕೈಯೂ. ನಿಮ್ಮ ಕತ್ತಿ, ಟಾರ್ಚಿಗಿಂತ ನನಗೆ ಆ ತೋಟೆಯದೇ ಚಿಂತೆ. ಕತ್ತಿಯವರಿಗೆ ಒಂದೇ ಕೋರಿಕೆ: ಹತ್ತುವ ದಾರಿಗೆ ಅಡ್ಡಲಾಗಿ ಕೂಳಿ ಇಟ್ಟು ಇಡೀ ಹಳ್ಳ ಮುಚ್ಚಬೇಡಿ. ಅರ್ಧವಾದರೂ ಮೇಲೆ ಹೋಗಲಿ.

ಡಿಪ್ಲೊಮಾ ಮುಗಿಸಿರುವ ನನ್ನ ತಮ್ಮನಿಗೆ ವಿದೇಶಿ ಮೀನು ಹಡಗಿನಲ್ಲಿ ಕೆಲಸ ಕೊಡಿಸುತ್ತೇನೆಂದು ಏಜೆಂಟ್ ಒಬ್ಬ ಹಣ ಕೇಳುತ್ತಿದ್ದಾನೆ. ಕೊಡಬಹುದೇ?
— ಹೆಸರು ಬೇಡ ಎಂದವರು, ರಿಪ್ಪನ್‌ಪೇಟೆ

ಕೊಡಬೇಡಿ ತಂಗಿ. ಹಣ ಕೇಳಿದ್ದೇ ಸಾಕು. ಹಡಗಿಗೆ ಜನ ಕಳಿಸುವ ಭಾರತದ ಏಜೆಂಟನಿಗೆ ನೌಕಾಯಾನ ಮಹಾನಿರ್ದೇಶನಾಲಯ ಕೊಡುವ ಆರ್‌ಪಿಎಸ್‌ಎಲ್ ಪರವಾನಗಿ ಇರಬೇಕು, ಮತ್ತು ನಾವಿಕನಿಂದ ನೇಮಕದ ಶುಲ್ಕ ಪಡೆಯುವಂತಿಲ್ಲ. ಪರವಾನಗಿದಾರರ ಪಟ್ಟಿ ನಿರ್ದೇಶನಾಲಯದ ಜಾಲತಾಣದಲ್ಲೇ ಇದೆ. ಏಜೆಂಟ್ ತೋರಿಸುವ ಕಾಗದದ ಮೇಲೆ ಅಲ್ಲ, ಅಲ್ಲಿ ಹುಡುಕಿ.

2015ರಲ್ಲಿ ಇಂಡೊನೇಷ್ಯಾದ ಅರು ದ್ವೀಪಗಳ ಬೆಂಜಿನಾ ಎಂಬಲ್ಲಿ ಪತ್ರಕರ್ತರು ಪಂಜರದಲ್ಲಿ ಕೂಡಿಹಾಕಿದ ಮೀನುಗಾರರನ್ನು ಕಂಡರು. ಹೆಚ್ಚಿನವರು ಮ್ಯಾನ್ಮಾರ್‌ನವರು, ಒಳ್ಳೆಯ ಕೆಲಸವೆಂದು ನಂಬಿ ಏಜೆಂಟರ ಕೈಗೆ ಬಿದ್ದು ಹೋದವರೂ ಅವರಲ್ಲಿದ್ದರು. ಆ ವರದಿಯ ನಂತರ ಎರಡು ಸಾವಿರಕ್ಕೂ ಹೆಚ್ಚು ಜನ ಬಿಡುಗಡೆಯಾದರು. ಕೆಲವರು ಮನೆ ಕಾಣದೆ ವರ್ಷಗಳೇ ಕಳೆದಿದ್ದವು.

ತಮ್ಮನಿಗೆ ಹೇಳಿ: ಹಡಗಿನ ಹೆಸರು, ಯಾವ ದೇಶದ ಧ್ವಜ, ಎಷ್ಟು ತಿಂಗಳಿಗೊಮ್ಮೆ ಬಂದರಿಗೆ ಬರುತ್ತದೆ, ಇಷ್ಟನ್ನು ಬರವಣಿಗೆಯಲ್ಲಿ ಕೇಳಲಿ. 2017ರಿಂದ ಜಾರಿಯಲ್ಲಿರುವ ಮೀನುಗಾರರ ಕೆಲಸದ ಅಂತಾರಾಷ್ಟ್ರೀಯ ಒಪ್ಪಂದದ ಪ್ರಕಾರ ಲಿಖಿತ ಕರಾರು ಬೇಕು, ಮೂರು ದಿನಕ್ಕಿಂತ ಹೆಚ್ಚು ಕಡಲಲ್ಲಿರುವ ಹಡಗಿನಲ್ಲಿ 24 ಗಂಟೆಗೆ ಕನಿಷ್ಠ 10 ಗಂಟೆ ವಿಶ್ರಾಂತಿ ಬೇಕು. ಎಲ್ಲ ದೇಶಗಳೂ ಅದಕ್ಕೆ ಸಹಿ ಹಾಕಿಲ್ಲ, ಆದ್ದರಿಂದಲೇ ಧ್ವಜ ಯಾವುದೆಂದು ಕೇಳಬೇಕು. ಏಜೆಂಟ್ ಉತ್ತರ ಕೊಡದೆ ಗದರಿದರೆ ಅವನ ಫೋನ್ ನಂಬರನ್ನು ಪೊಲೀಸ್ ಠಾಣೆಗೆ ಕೊಡಿ. ಉತ್ತರ ಕೊಟ್ಟರೆ ಅದರ ಪ್ರತಿಯನ್ನು ನನಗೆ ಕಳಿಸಿ, ಓದಿ ಹೇಳುತ್ತೇನೆ.