ಗಾಯಕ್ಕೆ ಹಚ್ಚಿದ ಅಂಟು ಕೊನೆಗೆ ಎಲ್ಲಿ ಹೋಗುತ್ತದೆ?

ಪ್ರಶ್ನೆ: ಮಗ ಬಿದ್ದು ಹಣೆ ಒಡೆದುಕೊಂಡಿದ್ದ. ಡಾಕ್ಟರು ಹೊಲಿಗೆ ಹಾಕಲಿಲ್ಲ, ಅಂಟು ಹಚ್ಚಿ ಕಳಿಸಿದರು. ಒಂದು ವಾರಕ್ಕೆ ಪೊರೆಯಂತೆ ಉದುರಿತು. ಇದು ಮನೆಯಲ್ಲಿ ಬಳಸುವ ಸೂಪರ್ ಗ್ಲೂನೇ ಅಲ್ವಾ? ದೇಹದ ಒಳಗೆ ಹಚ್ಚಿದರೆ ಕರಗುತ್ತದಾ?

ಉತ್ತರ: ಎರಡೂ ಒಂದೇ ವಂಶದವು, ಸಯನೋಅಕ್ರಿಲೇಟ್. ಆದರೆ ಒಂದರ ಬದಲು ಇನ್ನೊಂದನ್ನು ಹಚ್ಚಲು ಹೋಗಬೇಡಿ. ಚರ್ಮದ ತೇವ ತಾಗಿದ ತಕ್ಷಣ ಇದರ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಟ್ಟಿಯಾಗುತ್ತವೆ. ಮನೆಯ ಅಂಟು ಆಗ ಜಾಸ್ತಿ ಬಿಸಿಯಾಗುತ್ತದೆ, ಬೇಗ ಒಡೆದು ಫಾರ್ಮಾಲ್ಡಿಹೈಡ್ ಬಿಡುತ್ತದೆ, ಸುತ್ತಲಿನ ಜೀವಕೋಶಗಳಿಗೆ ಅದು ವಿಷ. ಅಮೆರಿಕದಲ್ಲಿ 1998ರಲ್ಲಿ ಗಾಯಕ್ಕೆ ಹಚ್ಚಲು ಒಪ್ಪಿಗೆ ಸಿಕ್ಕ ಆಕ್ಟೈಲ್ ಬಗೆಯ ಅಂಟಿನ ಅಣುವಿಗೆ ಉದ್ದನೆಯ ಬಾಲವಿದೆ. ಹಾಗಾಗಿ ಅದು ನಿಧಾನಕ್ಕೆ ಒಡೆಯುತ್ತದೆ, ಸ್ವಲ್ಪ ಬಾಗುತ್ತದೆ ಕೂಡ. ನಿಮ್ಮ ಮಗನ ಹಣೆಯ ಅಂಟು ಕರಗಿದ್ದಲ್ಲ, ಮೇಲಿನ ಸತ್ತ ಚರ್ಮದ ಜೊತೆ ಉದುರಿದ್ದು.

ದೇಹದ ಒಳಗೆ ಉದುರಲು ಜಾಗವೇ ಇಲ್ಲವಲ್ಲ! ಅಲ್ಲಿ ಫೈಬ್ರಿನ್ ಅಂಟು ಬಳಸುತ್ತಾರೆ, ರಕ್ತ ಹೆಪ್ಪುಗಟ್ಟಿಸುವ ಎರಡು ಪ್ರೋಟೀನುಗಳನ್ನು ಅಲ್ಲೇ ಬೆರೆಸುವುದು, ಅಷ್ಟೇ. ದೇಹವೇ ಅದನ್ನು ಕರಗಿಸಿಬಿಡುತ್ತದೆ, ಆದರೆ ಹಿಡಿತ ಕಡಿಮೆ. ನಿಜವಾದ ಶತ್ರು ನೀರು. ಒದ್ದೆ ಗಾಜಿನ ಮೇಲೆ ಸ್ಟಿಕ್ಕರ್ ಒತ್ತಿ ನೋಡಿ, ನಡುವೆ ನೀರಿನ ಪದರ ಇದ್ದರೆ ಅದು ಸುಮ್ನೆ ಜಾರುತ್ತದೆ. ಕಡಲಿನ ಬಂಡೆಗೆ ಕಚ್ಚಿಕೊಂಡ ನೀಲಿಕಲ್ಲು ಚಿಪ್ಪಿ ಮಾತ್ರ ಅಲೆ ಬಡಿದರೂ ಬಿಡುವುದಿಲ್ಲ, ಅದರ ಅಂಟಿನ ಪ್ರೋಟೀನಿನಲ್ಲಿರುವ ಡೋಪಾ ಎಂಬ ಅಂಶವೇ ಕಾರಣ. ಅದನ್ನು ನಕಲು ಮಾಡುವ, ಸರಪಳಿಯಂಥ ಉದ್ದ ಅಣುಗಳಾದ ಪಾಲಿಮರ್‌ಗಳ ಮೇಲೆ ಬಹಳ ಕೆಲಸ ನಡೆದಿದೆ. 2019ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ತೋರಿಸಿದ ಎರಡು ಬದಿಯ ಟೇಪ್ ನನಗಂತೂ ಇನ್ನೂ ಜಾಣತನದ್ದು ಅನಿಸುತ್ತದೆ: ಅದು ಮೊದಲು ನೀರನ್ನು ಹೀರಿ, ಆಮೇಲೆ ಅಂಗಾಂಶಕ್ಕೆ ಅಂಟುತ್ತದೆ. ಅದರಲ್ಲಿ ಜೆಲಾಟಿನ್ ಇದ್ದರೆ ಬೇಗ ಕರಗುತ್ತದೆ, ಸೀಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುವ ಕೈಟೋಸಾನ್ ಇದ್ದರೆ ನಿಧಾನ.

ಕರಗುವ ಹೊಲಿಗೆ ದಾರದಲ್ಲಿ ಬಳಸುವ ಲ್ಯಾಕ್ಟಿಕ್ ಆಮ್ಲದ ಪಾಲಿಮರ್‌ಗಳೂ ಹೀಗೆಯೇ, ನೀರು ತಾಗಿ ತಾಗಿ ಸರಪಳಿ ತುಂಡಾಗುತ್ತದೆ, ಉಳಿದ ಲ್ಯಾಕ್ಟಿಕ್ ಆಮ್ಲವನ್ನು ದೇಹ ಅರಗಿಸಿಕೊಳ್ಳುತ್ತದೆ. ತಕರಾರು ಇರುವುದು ವೇಗದಲ್ಲಿ. ಬೇಗ ಕರಗಿದರೆ ಗಾಯ ಬಾಯಿ ಬಿಡುತ್ತದೆ, ಆಮ್ಲ ಒಂದೇ ಕಡೆ ಸೇರಿ ಊತ ಬರುತ್ತದೆ. ತಡವಾದರೆ ಹೊಸ ಅಂಗಾಂಶಕ್ಕೆ ಅದೇ ಅಡ್ಡಗೋಡೆ. ನೀರು ಕುಡಿದು ಬಾತುಕೊಳ್ಳುವ ಅಂಟಾದರೆ ಪಕ್ಕದ ನರವನ್ನೂ ಒತ್ತಬಹುದು.

ಅಂದಹಾಗೆ, ಮುಂದೆಂದಾದರೂ ಅಂಟು ಹಚ್ಚಿಸಿಕೊಂಡರೆ ಅದರ ಮೇಲೆ ವ್ಯಾಸಲೀನ್, ಮುಲಾಮು ಸವರಬೇಡಿ, ಬೇಗ ಬಿಟ್ಟುಕೊಳ್ಳುತ್ತದೆ.