ಹತ್ತು ಟರ್ಕಿ ಮರಿ ಮೂರಾಗಿದ್ದು ನರಿಯಿಂದಲೋ ಮಳೆಯಿಂದಲೋ?

ಮೇಡಂ, ನಿಮ್ಮ ಎರಡೂ ಫೋಟೊ ನೋಡಿದೆ. ಮೇ 29ಕ್ಕೆ ಕಾಡು ಟರ್ಕಿ ಕೋಳಿಯ ಹೇಂಟೆ ಹಿಂದೆ ಹತ್ತು ಮರಿ, ಜೂನ್ 12ಕ್ಕೆ ಮೂರೇ. "ನರಿ ತಿಂದಿರಬಹುದಾ? ಜೋಳ ಹಾಕಿದ್ದರೆ ಉಳೀತಿದ್ವಾ?" ಅಂತ ಕೇಳಿದ್ದೀರಿ. ನಾನೂ ಅಮೆರಿಕದ ಪೆನ್ಸಿಲ್ವೇನಿಯಾದಲ್ಲೇ ಇರೋದು. ಹಿತ್ತಲಿಗೆ ಕಾಡು ತಾಗಿಕೊಂಡಿರೋದರಿಂದ ಕೆಲವು ವರ್ಷದಿಂದ ಇವುಗಳ ಲೆಕ್ಕ ಇಡೋದೇ ನನ್ನ ಹುಚ್ಚು. ನರಿ, ರಕೂನ್ (ಮೊಟ್ಟೆ, ಮರಿ ಕದಿಯೋ ಇಲ್ಲಿನ ಒಂದು ಕಾಡುಪ್ರಾಣಿ), ಗೂಬೆ ಎಲ್ಲಕ್ಕೂ ಮರಿಗಳ ಸಾವಿನಲ್ಲಿ ಪಾಲಿದೆ. ಆದರೆ ನನ್ನ ಮೊದಲ ಅನುಮಾನ ಜೂನ್ ಮೊದಲ ವಾರದ ಆ ಮೂರು ದಿನದ ಜಿಟಿಜಿಟಿ ಮಳೆ ಮೇಲೆ. ಮನೆಯೊಳಗೇ ಸ್ವೆಟರ್ ಹಾಕ್ಕೊಂಡು ಕೂತಿದ್ವಿ ಅಂತ ನೀವೇ ಬರೆದಿದ್ದೀರಲ್ಲ!

ಎಷ್ಟು ಇಂಚು ಮಳೆ ಬಿತ್ತು ಅನ್ನೋದು ಅಷ್ಟು ಮುಖ್ಯ ಅಲ್ಲ. ಮರಿಗೆ ಎಷ್ಟು ದಿನ ಆಗಿತ್ತು, ಚಳಿ ಎಷ್ಟಿತ್ತು, ನಡುವೆ ಬಿಸಿಲು ಬಂತಾ ಅಂತ ನೋಡಬೇಕು. ಮೊದಲ ಎರಡು ವಾರ ಮರಿಯ ಮೈಮೇಲಿರೋದು ಹೆಚ್ಚಾಗಿ ತುಪ್ಪುಳವೇ. ಅದು ನೀರು ತಡೆಯಲ್ಲ. ಮೈಯ ಬಿಸಿಯನ್ನೂ ತಾನಾಗಿ ಕಾಯ್ದುಕೊಳ್ಳೋಕೆ ಬರಲ್ಲ. ಫಾರಂನಲ್ಲಿ ಟರ್ಕಿ ಸಾಕೋರು ಮೊದಲ ವಾರ ಸುಮಾರು 95 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 35 ಸೆಲ್ಸಿಯಸ್ ಶಾಖ ಕೊಡ್ತಾರೆ. ಕಾಡಲ್ಲಿ 50 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 10 ಸೆಲ್ಸಿಯಸ್‌ನ ಮಳೆಯಲ್ಲಿ ಅದಕ್ಕಿರೋದು ಅಮ್ಮನ ರೆಕ್ಕೆ ಮಾತ್ರ.

ಒಂದ್ಸಲ ಅಡುಗೆಮನೆ ಕಿಟಕಿಯಿಂದ ನೋಡಿದ್ದು ಹೇಳ್ತೀನಿ. ಸೋನೆ ಹಿಡಿದಿತ್ತು. ಹೇಂಟೆ ರೆಕ್ಕೆ ಎರಡೂ ಅಗಲಿಸಿ ನೆಲಕ್ಕೆ ಒತ್ತಿ ಕೂತಿತ್ತು, ಕೊಡೆ ಬಿಚ್ಚಿಟ್ಟ ಹಾಗೆ. ಮಳೆ ನಿಂತಿತು, ಮರಿಗಳು ಹೊರಬಂದು ಹುಲ್ಲಿಗೆ ನುಗ್ಗಿದವು. ಆ ಹುಲ್ಲು ನಮಗೆ ಮೊಣಕಾಲುದ್ದ, ಅವಕ್ಕೆ ತಲೆ ಮೇಲೆ. ಪ್ರತಿ ಎಸಳಲ್ಲೂ ನೀರು. ಐದು ನಿಮಿಷದಲ್ಲಿ ತುಪ್ಪುಳ ಮೈಗಂಟಿ, ಒಂದೊಂದೂ ನೆನೆದ ಹತ್ತಿ ಉಂಡೆ. ಮತ್ತೆ ಓಡಿ ರೆಕ್ಕೆಯಡಿ. ಇಲ್ಲೇ ಇರೋದು ಪೆಟ್ಟು: ರೆಕ್ಕೆಯಡಿ ಕೂತಷ್ಟು ಹೊತ್ತು ಹುಳ ಹಿಡಿಯೋಕಾಗಲ್ಲ. ಈ ವಯಸ್ಸಿನ ಮರಿ ಬೆಳೆಯೋದು ಮಿಡತೆ, ಜೀರುಂಡೆ ತಿಂದೇ. ಚಳಿಗೆ ಹುಳವೂ ಅಡಗಿರುತ್ತೆ. ಹೀಗೆ ಥಂಡಿ, ಹಸಿವು ಎರಡೂ ಸೇರಿ, ನಿತ್ರಾಣ ಆದ ಮರಿ ಹಿಂದೆ ಬೀಳುತ್ತೆ, ನರಿಗೆ ಸಿಗೋದು ಅದೇ. ಆಗ ನರಿ ತಿಂತು ಅನ್ನಬೇಕೋ ಮಳೆ ಕೊಂದಿತು ಅನ್ನಬೇಕೋ?

ತೀರ್ಥಹಳ್ಳಿ ಕಡೆ ನಮ್ಮಜ್ಜಿ ಆಷಾಢದಲ್ಲಿ ಕೋಳಿ ಕಾವಿಗೆ ಕೂರಿಸ್ತಿರಲಿಲ್ಲ. ತಾನಾಗಿ ಕೂತು ಮರಿ ಮಾಡಿದರೆ ಒಲೆ ಪಕ್ಕ ಬುಟ್ಟಿ ಕವುಚಿಡೋರು.

ಒಂದು ಜೋರು ಮಳೆ ಹೊಡೆದು ಗಂಟೆಯೊಳಗೆ ಬಿಸಿಲು ಬಂದರೆ ಅಷ್ಟೇನೂ ತೊಂದರೆಯಿಲ್ಲ. ಹಾಗಂತ ಮಳೆಯೇ ಬೇಡ ಅನ್ನೋ ಹಾಗೂ ಇಲ್ಲ. ಟೆಕ್ಸಾಸ್‌ನ ಒಣ ಸೀಮೆಯಲ್ಲಿ ಬರಗಾಲದ ವರ್ಷ ಎಷ್ಟೋ ಹೇಂಟೆಗಳು ಗೂಡಿಗೇ ಕೂರಲ್ಲ. ಹುಲ್ಲಿಲ್ಲದಿದ್ದರೆ ಮರೆ ಇಲ್ಲ, ಹುಳವೂ ಇಲ್ಲ. ಇನ್ನು ಕಾವಿನ 28 ದಿನದಲ್ಲಿ ಹೇಂಟೆ ನೆನೆದರೆ ಅದರ ವಾಸನೆ ಜಾಸ್ತಿಯಾಗಿ ರಕೂನ್‌ಗೆ ಗೂಡು ಸುಲಭವಾಗಿ ಸಿಗುತ್ತೆ ಅನ್ನೋ ವಾದ ಇದೆ, ಸಂಶೋಧಕರಲ್ಲಿ ಒಮ್ಮತ ಇಲ್ಲ. ಮೊಟ್ಟೆ ಹೋದರೆ ಹೇಂಟೆ ಇನ್ನೊಮ್ಮೆ ಇಡಬಹುದು. ಮರಿ ಹೋದರೆ ಆ ವರ್ಷ ಮತ್ತೆ ಕೂರೋದು ಅಪರೂಪ.

ಜೋಳ ಖಂಡಿತ ಹಾಕಬೇಡಿ. ಎಳೆಮರಿಗೆ ಬೇಕಾದ್ದು ಹುಳದ ಪ್ರೋಟೀನು, ಜೋಳ ಅಲ್ಲ. ಒಂದೇ ಕಡೆ ದಿನಾ ಕಾಳು ಬಿದ್ದರೆ ರಕೂನ್‌ಗೂ ವಿಳಾಸ ಕೊಟ್ಟ ಹಾಗೆ. ಜೊತೆಗೆ ಬೂಷ್ಟು. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ತಿಂದು ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಸತ್ತವು, ಅಫ್ಲಟಾಕ್ಸಿನ್ ಅನ್ನೋ ವಿಷ ಪತ್ತೆಯಾಗಿದ್ದೇ ಆಗ. ಮಳೆಯಲ್ಲಿ ನೆನೆದ ಜೋಳಕ್ಕೂ ಅದೇ ಬೂಷ್ಟು ಹಿಡಿಯಬಹುದು.

ನೀವು ಮಾಡಬಹುದಾದ್ದು ಹುಲ್ಲಿನ ವಿಷಯ. ಬೇಲಿ ಪಕ್ಕದ ಪಟ್ಟೆಯನ್ನು ಆಗಸ್ಟ್‌ವರೆಗೆ ಕತ್ತರಿಸಬೇಡಿ, ಹುಳದ ಔಷಧಿ ಹೊಡೆಯಬೇಡಿ. ಆದರೆ ನಡುವೆ ಒಂದೆರಡು ಕಡೆ ಗಿಡ್ಡ ಹುಲ್ಲಿನ ದಾರಿ ಬಿಡಿ, ಮಳೆ ನಿಂತ ಮೇಲೆ ಮರಿಗಳು ಅಲ್ಲಿ ಬಂದು ಮೈ ಒಣಗಿಸಿಕೊಳ್ಳುತ್ತವೆ. ಬೆಕ್ಕನ್ನು ಒಳಗಿಟ್ಟುಕೊಳ್ಳಿ. ಒಂಟಿ ಮರಿ ಕೂಗ್ತಿದ್ದರೆ ಪಾಪ ಅಂತ ಎತ್ತಿಕೊಳ್ಳಬೇಡಿ, ದೂರ ನಿಲ್ಲಿ, ತಾಯಿ ಅಲ್ಲೇ ಎಲ್ಲೋ ಇರುತ್ತೆ.

ಜುಲೈ 1ರಿಂದ ಆಗಸ್ಟ್ 31ರವರೆಗೆ ರಾಜ್ಯದ ಗೇಮ್ ಕಮಿಷನ್ (ಇಲ್ಲಿನ ವನ್ಯಜೀವಿ ಇಲಾಖೆ) ಜನರಿಂದ ಟರ್ಕಿ ಲೆಕ್ಕ ಕೇಳುತ್ತೆ, ನೀವೂ ಕಳಿಸಿ. ಮರಿಯಿಲ್ಲದ ಹೇಂಟೆ ಕಂಡರೆ ಅದನ್ನೂ ಬರೀರಿ, ಹೇಂಟೆಗೆ ಸರಾಸರಿ ಎಷ್ಟು ಮರಿ ಅನ್ನೋದೇ ಅವರಿಗೆ ಬೇಕಾದ್ದು. ಆ ಹೊತ್ತಿಗೆ ಎರಡು ಮೂರು ಸಂಸಾರ ಸೇರಿಕೊಂಡಿರುತ್ತವೆ, ಹನ್ನೆರಡು ಮರಿ ಕಂಡು "ನನ್ನವು ವಾಪಸ್ ಬಂದ್ವು" ಅಂದುಕೊಳ್ಳಬೇಡಿ!

ಉಳಿದ ಮೂರಕ್ಕೆ ಈಗ ಎರಡು ವಾರ ತುಂಬಿರಬೇಕು. ಸಂಜೆ ಕತ್ತಲಾಗೋ ಮುಂಚೆ ನೋಡಿ, ತಾಯಿ ಜೊತೆ ಮರದ ಕೊಂಬೆಗೆ ಹಾರುತ್ತಿವೆಯಾ ಅಥವಾ ಇನ್ನೂ ನೆಲದಲ್ಲೇ ಮಲಗ್ತಿವೆಯಾ ಅಂತ ಇಲ್ಲೇ ಬರೀರಿ.